ಕಾಳಪ್ಪಜ್ಜನ ಸುದ್ದಿ

ನನ್ನ ಮೇಲೆ ನನ್ನ ಹೆಂಡತಿಗಿರುವ ದೂರುಗಳಲ್ಲಿ ದೊಡ್ಡದು ಯಾವುದೆಂದರೆ, ಬಾಗಿಲಿಗೆ ಬಂದವರನ್ನೆಲ್ಲ ನಾನು ಒಳಗೆ ಕರೆದು ಕೂಡ್ರಿಸುತ್ತೇನೆ. ಕುಕ್ಕರಿನ ರಬ್ಬರು ಮಾರುವವರು, ಮತದಾರರ ಪಟ್ಟಿ ಹಿಡಿದು ಬರುವ ಮಾಸ್ತರರು, ಯಾವುದೋ ಆಶ್ರಮದ ಹೆಸರಿನಲ್ಲಿ ಅಗರಬತ್ತಿ ತರುವವರು, ಯಾರೇ ಆಗಲಿ, ಅವರ ಮಾತು ಮುಗಿಯುವ ತನಕ ಕೇಳುತ್ತೇನೆ. ಮೊನ್ನೆ ಒಬ್ಬಾತ ನೆಲ ಒರೆಸುವ ಹೊಸ ಔಷಧಿಯ ಗುಣಗಳನ್ನು ಮುಕ್ಕಾಲು ಗಂಟೆ ಹೇಳಿದ. ಕೊನೆಗೆ ಅವನಿಗೇ ಬೇಸರವಾಗಿ ಎದ್ದು ಹೋದ.

"ಏಮಂಡೀ, ತಗೊಳ್ಳೂದಿಲ್ಲ ಏನಿಲ್ಲ. ಆ ಮನುಷ್ಯಾನ ಟೈಮರ ಉಳಸ್ರಿ" ಅಂದಳು ಹೆಂಡತಿ. ಅವಳು ನಾವಿರುವ ಈ ವಿಶಾಖಪಟ್ಟಣದ ಮಗ್ಗುಲ ಗಾಜುವಾಕದಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಕಲಿತದ್ದು ನನ್ನ ಅಪ್ಪನಿಂದ. ಹಾಗಾಗಿ ಮಾತು ರೋಣದ ಕಡೆಯದು, ರಾಗ ಮಾತ್ರ ವಿಶಾಖಪಟ್ಟಣದ್ದು.

ಮೊದಲು ನಾನು ಹೀಗಿರಲಿಲ್ಲ. ಕೆಲಸದ ಹೊತ್ತಿನಲ್ಲಿ ಯಾರಾದರೂ ಮಾತಿಗೆ ನಿಂತರೆ ಮೈ ಉರಿಯುತ್ತಿತ್ತು. ನನ್ನದು ಲಾರಿಯ ಕಮಾನು ಪಟ್ಟಿ ಕಟ್ಟುವ ಅಂಗಡಿ. ಲಾರಿಯ ಭಾರವೆಲ್ಲ ಕೂಡುವುದು ಒಂದರ ಕೆಳಗೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಮೇಲೆ. ಅವು ಬಗ್ಗುತ್ತವೆ, ಮುರಿಯುತ್ತವೆ. ಅವನ್ನು ಕಾಯಿಸಿ, ಬಡಿದು, ಮತ್ತೆ ಬಿಲ್ಲಿನಂತೆ ಬಾಗಿಸಿ ಕೂಡ್ರಿಸಬೇಕು. ಏಳನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ಅದೂ ತೆಲುಗು ಶಾಲೆ. ಕನ್ನಡದ ಅಕ್ಷರಗಳನ್ನು ಅಪ್ಪ ಕಬ್ಬಿಣದ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ತಿದ್ದಿಸಿದ. ಆದರೆ ನಾನು ಕಟ್ಟಿದ ಪಟ್ಟಿ ಅದಿರು ಹೇರಿಕೊಂಡು ಘಾಟಿ ಇಳಿದರೂ ಕದಲುತ್ತಿರಲಿಲ್ಲ. ಓದಿದವರು ಬಂದು ನನ್ನನ್ನು 'ಮೌನೇಶ್ವರರಾವುಗಾರು' ಎಂದು ಕರೆದಾಗ ಎದೆ ಎರಡಂಗುಲ ಉಬ್ಬುತ್ತಿತ್ತು. ಊರಲ್ಲಿ ನಾನು ಬರೀ ಮೌನೇಶ. ಈ ರಾವುಗಾರು ಆಗಲು ನಾನು ಎಷ್ಟು ಸುತ್ತಿಗೆ ಎತ್ತಿಳಿಸಿದ್ದೇನೆಂದು ನನಗೇ ಗೊತ್ತು. ಅದನ್ನು ಕಳೆದುಕೊಳ್ಳುವ ಭಯವೂ ಅಷ್ಟೇ ಇತ್ತು.

ಕಾಳಪ್ಪಜ್ಜ ನನ್ನ ಮುತ್ತಜ್ಜ, ಅಪ್ಪನಿಗೆ ಅಜ್ಜ. ರೋಣದ ಹತ್ತಿರದ ನಮ್ಮ ಹಳ್ಳಿಯಲ್ಲಿ ಕುದುರೆ ಎತ್ತುಗಳಿಗೆ ಲಾಳ ಬಡಿಯುತ್ತಿದ್ದನಂತೆ. ಗದಗಿನ ಕಡೆಯಿಂದ ಬೆಜವಾಡದ, ಅಂದರೆ ಈಗಿನ ವಿಜಯವಾಡದ, ಕಡೆಗೆ ರೈಲುದಾರಿ ಹಾಕುತ್ತಿದ್ದ ಕಾಲ. ಆ ಕೆಲಸದ ಬಿಳಿ ದೊರೆಯೊಬ್ಬನ ಕುದುರೆಯ ಲಾಳ ನಮ್ಮೂರ ಹಳ್ಳದಲ್ಲಿ ಕಳಚಿತು. ಕಾಳಪ್ಪಜ್ಜ ಹೊಸದು ಬಡಿದ. ದೊರೆಗೆ ಕೈಗುಣ ಹಿಡಿಸಿತು. ಮರುದಿನ ಡೇರೆ ಎತ್ತುವಾಗ ಕಾಳಪ್ಪಜ್ಜನೂ ಸಂಗಡ ಹೊರಟುಬಿಟ್ಟ. ಮನೆಯಲ್ಲಿ ಹೆಂಡತಿ, ತೊಟ್ಟಿಲಲ್ಲಿ ಮೂರು ತಿಂಗಳ ಮಗ.

ಆಮೇಲೆ ಬಂದವೆಲ್ಲ ಕತೆಗಳು. ಗುಂತಕಲ್ಲಿನಲ್ಲಿ ಕಂಡ ಎಂದರು, ಬೆಜವಾಡದಲ್ಲಿ ಕಂಡ ಎಂದರು, ಭೀಮುನಿಪಟ್ಟಣದಿಂದ ಹಡಗು ಹತ್ತಿ ರಂಗೂನಿಗೆ ಹೋದ ಎಂದರು. ಅವನ ಹೆಂಡತಿ, ನನ್ನ ಮುತ್ತಜ್ಜಿ, ಗಂಡ ಸತ್ತ ಸುದ್ದಿ ಇಲ್ಲವಾದ್ದರಿಂದ ಬಳೆ ಒಡೆಯಲಿಲ್ಲ, ಕುಂಕುಮ ಅಳಿಸಲಿಲ್ಲ. ಎಂಬತ್ತರ ಹತ್ತಿರ ಸತ್ತಾಗಲೂ ಕೈತುಂಬ ಹಸಿರು ಬಳೆ ಇದ್ದವಂತೆ. ಅಪ್ಪ ಅದನ್ನು ನೋಡಿದವನು. ಊರಲ್ಲಿ ಜಗಳ ಬಿದ್ದಾಗಲೆಲ್ಲ ನಮ್ಮ ಮನೆಯವರಿಗೆ ಒಂದೇ ಬೈಗುಳ: "ದೊರಿ ಕುದುರಿ ಬಾಲ ಹಿಡಕೊಂಡು ಹ್ವಾದವನ ಸಂತಾನ."

ಅಪ್ಪ ಇಪ್ಪತ್ತರ ಪ್ರಾಯದಲ್ಲಿ ವಿಶಾಖಪಟ್ಟಣಕ್ಕೆ ಬಂದ. ಬಂದರು ಹೊಸದಾಗಿತ್ತು, ಕಬ್ಬಿಣದ ಕೆಲಸಕ್ಕೆ ಜನ ಬೇಕಾಗಿತ್ತು. ಎಲ್ಲರಿಗೂ ಹಾಗೇ ಹೇಳುತ್ತಿದ್ದ. ಅಜ್ಜನನ್ನು ಹುಡುಕಲು ಬಂದೆ ಎಂದು ನನ್ನೆದುರು ಬಾಯಿಬಿಟ್ಟು ಹೇಳಿದ್ದು ಅವನಿಗೆ ಎಪ್ಪತ್ತಾದ ಮೇಲೆ.

"ಓಡಿ ಹೋಗ್ಯಾನೋ, ಸತ್ತಾನೋ, ಅಷ್ಟ ತಿಳೀಬೇಕು ನನಗ. ಸತ್ತಿದ್ರ ಒಂದು ಎಡಿ ಇಡತೀನಿ. ಓಡಿ ಹೋಗಿದ್ರ ಒಮ್ಮೆ ಬಾಯ್ತುಂಬ ಬೈದು ಬಿಟ್ಟಬಿಡತೀನಿ. ಎರಡರಾಗ ಒಂದು ಆಗಬೇಕಲ್ಲೋ."

ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ಹಿರಿಯರಿಗೆಲ್ಲ ಬಾಳೆಲೆಯ ಮೇಲೆ ಎಡೆ ಇಡುತ್ತೇವೆ. ಸತ್ತನೋ ಇಲ್ಲವೋ ತಿಳಿಯದವನಿಗೆ ಇಡುವಂತಿಲ್ಲ. ಅವನ ಹೆಂಡತಿ, ಮಗ, ಸೊಸೆ ಎಲ್ಲರಿಗೂ ಎಲೆ ಇತ್ತು. ಕಾಳಪ್ಪಜ್ಜ ಒಬ್ಬನೇ ಹೊರಗೆ. ಅಪ್ಪ ಪ್ರತಿ ವರ್ಷ ಎಲೆಗಳನ್ನು ಎಣಿಸಿ, ಮತ್ತೊಮ್ಮೆ ಎಣಿಸುತ್ತಿದ್ದ.

ಇನ್ನು ಹೆಳವರ ವಿಷಯ. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಎರಡು ಮಾತು. ಮನೆತನಗಳ ವಂಶಾವಳಿಯನ್ನು ಬಾಯಿಪಾಠ ಇಟ್ಟುಕೊಂಡು, ಪುಸ್ತಕದಲ್ಲಿಯೂ ಬರೆದುಕೊಂಡು, ನಾಲ್ಕೈದು ವರ್ಷಕ್ಕೊಮ್ಮೆ ಬಂದು ಬಾಗಿಲಲ್ಲಿ ಹಾಡುವವರು ಅವರು. ಎತ್ತಿನ ಮೇಲೆ ಕೂತು, ಕಂಬಳಿ ಹೊದ್ದು, ಕೈಯಲ್ಲಿ ಗಂಟೆ ಹಿಡಿದು ಬರುತ್ತಾರೆ. ಪ್ರತಿ ಮನೆತನಕ್ಕೂ ಅದರದೇ ಹೆಳವ, ಅವನ ನಂತರ ಅವನ ಮಗ. ಮನೆಯವರು ಕೂತು ಕೇಳುತ್ತಾರೆ, ಕಾಳು, ಬಟ್ಟೆ, ಹಿತ್ತಾಳೆ ಪಾತ್ರೆ ಕೊಡುತ್ತಾರೆ. ನಾನು ಇದನ್ನು ಕಂಡವನಲ್ಲ. ಅಪ್ಪ ಹೇಳಿದ್ದು ಅರ್ಧ ಕಿವಿಯಲ್ಲಿ ಕೇಳಿದ್ದೆ.

ಅದು ಉಕ್ಕಿನ ಕಾರ್ಖಾನೆಯ ಚಿಮಣಿಗಳು ಏಳುತ್ತಿದ್ದ ಕಾಲ. ಒಬ್ಬ ದೊಡ್ಡ ಗುತ್ತಿಗೆದಾರನ ಮೂವತ್ತು ಟಿಪ್ಪರುಗಳ ಕೆಲಸ ನನಗೆ ಸಿಗುವುದರಲ್ಲಿತ್ತು. ಅಂಗಡಿ ನೋಡಲು ಇಬ್ಬರು ಇಂಜಿನಿಯರುಗಳು ಬಂದಿದ್ದರು. ನಾನು ಮದುವೆಗೆ ಹೊಲಿಸಿದ ಬಿಳಿ ಅಂಗಿ ಹಾಕಿಕೊಂಡು ಕುಲುಮೆಯ ಮುಂದೆ ನಿಂತಿದ್ದೆ. ಕುಲುಮೆಯ ಮುಂದೆ ಬಿಳಿ ಅಂಗಿ ಹಾಕಿಕೊಳ್ಳುವ ಕಮ್ಮಾರ ಎಂಥವನೆಂದು ನೀವೇ ಊಹಿಸಿಕೊಳ್ಳಿ. ಅಪ್ಪ ಊರಲ್ಲಿರಲಿಲ್ಲ. ವಿಜಯವಾಡದ ಒನ್ ಟೌನಿನಲ್ಲಿ ನನ್ನ ತಂಗಿಯ ಮನೆಗೆ ಹೋಗಿದ್ದ.

ಆಗ ಹೊರಗೆ ಗಂಟೆಯ ಸದ್ದಾಯಿತು. ಉದ್ದನೆಯ ಮುದುಕ, ಹೆಗಲ ಮೇಲೆ ಕಂಬಳಿ, ಬಗಲಲ್ಲಿ ಗಂಟು, ಮುಖವೆಲ್ಲ ಬೆವರು. ಅಂಗಡಿಯ ಮುಂದೆ ನಿಂತವನೇ ದನಿ ಎತ್ತಿದ.

"ಕಾಳಪ್ಪನ ಮಗ ಮಾನಪ್ಪ, ಮಾನಪ್ಪನ ಮಗ ವೀರಭದ್ರಪ್ಪ, ವೀರಭದ್ರಪ್ಪನ ಮಗ ಮೌನೇಶ..."

ನನ್ನ ಸುತ್ತಿಗೆಯಾಳು ಅಪ್ಪಾರಾವು ಕೆಲಸ ನಿಲ್ಲಿಸಿ, "ಗುರೂಗಾರು, ಗಂಗಿರೆದ್ದುಲವಾಡು ವಚ್ಚಾಡು. ಎದ್ದು ಮಾತ್ರಂ ರಾಲೇದು" ಅಂದ. ಕೋಲೆಬಸವನವನು ಬಂದಿದ್ದಾನೆ, ಬಸವ ಮಾತ್ರ ಬಂದಿಲ್ಲ ಎಂದು. ಎಲ್ಲರೂ ನಕ್ಕರು. ಇಂಜಿನಿಯರುಗಳೂ ನಕ್ಕರು. ಅವರಲ್ಲಿ ಒಬ್ಬ, "ಎವರಂಡಿ ಈಯನ? ಮೀ ವಾಳ್ಳಾ?" ಎಂದು ಕೇಳಿದ. ಯಾರಿವರು, ನಿಮ್ಮವರೇ ಎಂದು.

"ಕಾದು ಸಾರ್. ಎವರೋ" ಎಂದೆ. ಅಲ್ಲ ಸಾರ್, ಯಾರೋ.

ಮುದುಕನ ಬಳಿ ಹೋಗಿ ಮೆಲ್ಲಗೆ, "ಈಗ ಹೊತ್ತಿಲ್ಲ. ಮುಂದ ಹೋಗ್ರಿ" ಎಂದೆ.

"ಮನಿ ಯಜಮಾನ್ರು ಅದಾರೇನ್ರಿ? ಒಂದು ಮಾತೈತಿ. ಕೂತು ಕೇಳೋ ಮಾತು."

"ಇಲ್ಲ. ಯಾರೂ ಇಲ್ಲ." ಜೇಬಿಗೆ ಕೈ ಹಾಕಿ ಸಿಕ್ಕ ನೋಟನ್ನು ಅವನ ಕೈಗೆ ತುರುಕಿದೆ.

ಅವನು ಅದನ್ನು ನೋಡಿದ. ಸಿಟ್ಟು ಮಾಡಲಿಲ್ಲ. "ಹೇಳದ ತಗೊಂಡ್ರ ಭಿಕ್ಷಾ ಆಕ್ಕೈತ್ರಿ" ಅಂದ. ನೋಟನ್ನು ಬಾಗಿಲ ಬಳಿ ಬಿದ್ದಿದ್ದ ಹಳೆಯ ಪಟ್ಟಿಯೊಂದರ ಕೆಳಗೆ ಇಟ್ಟು, ಗಾಳಿಗೆ ಹಾರದಂತೆ ಒತ್ತಿ, ಬಸ್ಸಿನ ರಸ್ತೆಯ ಕಡೆಗೆ ನಡೆದ. ನಾನು ಅಪ್ಪಾರಾವಿಗೆ ಬ್ಲೋಅರ್ ಹಾಕಲು ಹೇಳಿದೆ. ಆ ಸದ್ದಿನಲ್ಲಿ ಗಂಟೆ ಕೇಳಿಸಲಿಲ್ಲ.

ಮೂವತ್ತು ಟಿಪ್ಪರುಗಳ ಕೆಲಸ ಸಿಕ್ಕಿತು. ಸಿಗದೇ ಹೋಗಿದ್ದರೆ ಚೆನ್ನಾಗಿತ್ತೆಂದು ಈಗ ಹೇಳುವುದು ಸುಲಭ. ಆಗ ಮಿಠಾಯಿ ಹಂಚಿದ್ದೆ.

ವಾರದ ಮೇಲೆ ಅಪ್ಪ ಬಂದ. ಹೇಳಬೇಕೆಂದುಕೊಂಡೆ, ಹೇಳಲಿಲ್ಲ. ಮರುದಿನ ಹೇಳಿದರಾಯಿತು ಎಂದುಕೊಂಡೆ. ಮರುದಿನದ ಮಾತು ತಿಂಗಳಾಯಿತು. ತಿಂಗಳಾದ ಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬುದಕ್ಕೆ ಬೇರೆ ಉತ್ತರ ಹುಡುಕಬೇಕಾಯಿತು. ಆ ಮುದುಕ ಬಂದದ್ದು ಕಾಳಿಗೋ ಪಾತ್ರೆಗೋ ಇರಬೇಕೆಂದು ನನಗೆ ನಾನೇ ಹೇಳಿಕೊಂಡೆ. ಅಪ್ಪ ಮಾತ್ರ ಆಗೀಗ ಕೇಳುತ್ತಿದ್ದ: "ಹೆಳವರು ಯಾರರ ಬಂದಿದ್ರೇನು? ಅವರಿಗೆ ನಮ್ಮ ವಿಳಾಸ ಎಲ್ಲಿ ಸಿಗಬೇಕು, ಪಾಪ."

"ಇಷ್ಟು ದೂರ ಯಾರು ಬರ್ತಾರ ಯಪ್ಪಾ" ಎನ್ನುತ್ತಿದ್ದೆ.

ತಪ್ಪು ಮಾಡಿದವನಿಗೆ ಉತ್ಸಾಹ ಹೆಚ್ಚು. ಕಾಳಪ್ಪಜ್ಜನನ್ನು ಹುಡುಕುವ ಕೆಲಸಕ್ಕೆ ನಾನೇ ಮುಂದಾದೆ. ಗಾಜುವಾಕದ ಬ್ಯಾಂಕಿಗೆ ಮೈಸೂರಿನ ಕಡೆಯಿಂದ ವರ್ಗವಾಗಿ ಬಂದಿದ್ದ ಅಧಿಕಾರಿಯೊಬ್ಬರು ನಮ್ಮ ಪರವಾಗಿ ರೈಲ್ವೆ ಕಚೇರಿಗೆ ಇಂಗ್ಲಿಷಿನಲ್ಲಿ ಕಾಗದ ಬರೆದುಕೊಟ್ಟರು.

"ಯಜಮಾನ್ರೇ, ನಿಮ್ಮ ತಾತ ಕೆಲಸಕ್ಕೆ ಸೇರಿದ ತಾರೀಖು ಏನಾದ್ರೂ ಗೊತ್ತಾ?" ಎಂದು ಅವರು ಕೇಳಿದರೆ, ಅಪ್ಪ ಬಹಳ ಯೋಚಿಸಿ, "ಜ್ವಾಳದ ತೆನಿ ಹಾಲು ಕಟ್ಟಿತ್ರಿ ಆಗ" ಎಂದ.

ಅವರು ಪೆನ್ನು ಮುಚ್ಚಿ, ಮತ್ತೆ ತೆರೆದು, ಏನೋ ಬರೆದರು. ಐದು ತಿಂಗಳ ಮೇಲೆ ಉತ್ತರ ಬಂತು: ನೌಕರನ ಟೋಕನ್ ನಂಬರು ತಿಳಿಸಿದರೆ ಮುಂದಿನ ಕ್ರಮ ಕೈಗೊಳ್ಳಲಾಗುವುದು. ಅಪ್ಪನಿಗೆ ಆ ಕಾಗದದಿಂದ ಬಹಳ ಸಮಾಧಾನವಾಯಿತು. "ನೋಡು, ನಂಬರ್ ಕೇಳ್ಯಾರಂದ್ರ ಇದ್ದಾನ ಅಂತ ಒಪ್ಪಿಕೊಂಡಂಗ" ಅಂದ. ನಾನು ಹೌದೆಂದೆ.

ಭಾನುವಾರಗಳಲ್ಲಿ ಅಪ್ಪನನ್ನು ಬಸ್ಸಿನಲ್ಲಿ ಭೀಮುನಿಪಟ್ಟಣಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಅಲ್ಲಿ ಸಮುದ್ರದ ಪಕ್ಕ ಬಿಳಿಯರ ಹಳೆಯ ಸಮಾಧಿಗಳಿವೆ. ದೊರೆಯ ಕಲ್ಲು ಸಿಕ್ಕರೆ ಅದರ ಮಗ್ಗುಲಲ್ಲಿ ಅಜ್ಜನ ಗುರುತೂ ಸಿಕ್ಕೀತೆಂದು ಅಪ್ಪನ ಆಸೆ. ನನ್ನ ಇಂಗ್ಲಿಷಿನ ಮೇಲೆ ಅಪ್ಪನಿಗೆ ಅಪಾರ ನಂಬಿಕೆ. ನಾನು ಅಕ್ಷರ ಕೂಡಿಸಿ ಕೂಡಿಸಿ ಒಂದು ಹೆಸರು ಓದುವಷ್ಟರಲ್ಲಿ ಎರಡು ದೋಣಿಗಳು ದಡಕ್ಕೆ ಬಂದು ಮೀನು ಇಳಿಸಿ ಮುಗಿಸುತ್ತಿದ್ದವು. ಕಾವಲಿನ ಮುದುಕ ನಮ್ಮನ್ನು ಮೂರನೆಯ ಸಲ ಕಂಡಾಗ ತೆಲುಗಿನಲ್ಲಿ ಹೇಳಿದ: "ಇಲ್ಲಿ ಹೆಸರಿರುವುದು ಕಲ್ಲು ನೆಡಿಸಿಕೊಂಡವರದ್ದು. ಕಲ್ಲು ಕಡಿದವರದ್ದು ಇಲ್ಲ, ಕಬ್ಬಿಣ ಬಡಿದವರದ್ದೂ ಇಲ್ಲ. ಸುಮ್ಮನೆ ಬಸ್ಸಿನಲ್ಲಿ ಯಾಕೆ ಸುಸ್ತಾಗುತ್ತೀರಿ?"

ಆದರೆ ಅಪ್ಪ ಕಲ್ಲುಗಳನ್ನು ಬಿಟ್ಟು ಬಾಗಿಲುಗಳನ್ನು ನೋಡತೊಡಗಿದ. ಹಳೆಯ ಬಂಗಲೆಗಳ ಗೇಟು, ಕೀಲು, ಕೊಂಡಿ. ಪ್ರತಿ ಕಮ್ಮಾರನ ಪೆಟ್ಟಿಗೂ ಒಂದು ಗುರುತಿರುತ್ತದೆ, ಬರವಣಿಗೆಯ ಹಾಗೆ. ನಮ್ಮ ಮನೆಯವರು ಕೊಂಡಿಯ ತುದಿಯನ್ನು ತೆಳುವಾಗಿಸಿ ಒಂದೂವರೆ ಸುತ್ತು ಸುರುಳಿ ಬಿಡುತ್ತೇವೆ. ಒಮ್ಮೆ ಬೀಳುತ್ತಿದ್ದ ಒಂದು ಗೋಡೆಯ ಬಳಿ ಅಪ್ಪ ತುಕ್ಕು ಹಿಡಿದ ಕೊಂಡಿಯೊಂದನ್ನು ಹಿಡಿದು ಬಹಳ ಹೊತ್ತು ಸವರಿದ. "ಇದು ನಮ್ಮ ಕೈ ಏನು, ನೋಡೋ" ಅಂದ. ಬಸ್ಸು ತಪ್ಪುವ ಗಡಿಬಿಡಿ ನನಗೆ. "ಅಚ್ಚಿನಾಗ ಎರದದ್ದು ಯಪ್ಪಾ, ಬಾ" ಎಂದೆ. ಸರಿಯಾಗಿ ನೋಡಿರಲಿಲ್ಲ. ಮುಂದಿನ ಸಲ ಹೋದಾಗ ಆ ಗೋಡೆಯೇ ಇರಲಿಲ್ಲ.

ಮನೆಯಲ್ಲಿ, ಓಣಿಯಲ್ಲಿ ಎಲ್ಲರೂ ಮೌನೇಶನಂಥ ಮಗ ಬೇಕು ಎನ್ನುತ್ತಿದ್ದರು. ನನ್ನ ಇಬ್ಬರು ಹೆಣ್ಣುಮಕ್ಕಳು, "ತಾತಯ್ಯಾ, ಈ ಆದಿವಾರಂ ಎಕ್ಕಡಿಕಿ?" ಈ ಭಾನುವಾರ ಎಲ್ಲಿಗೆ, ಎಂದು ಛೇಡಿಸುತ್ತಿದ್ದರು. ಆ ಹೊಗಳಿಕೆಯನ್ನು ನಾನು ತಲೆ ತಗ್ಗಿಸಿ ಸ್ವೀಕರಿಸುತ್ತಿದ್ದೆ. ಜನ ಅದನ್ನು ವಿನಯ ಅಂದುಕೊಂಡರು.

ಹೀಗೆ ವರ್ಷಗಳು ಹೋದವು. ಅಪ್ಪನಿಗೆ ಕಣ್ಣು ಮಂಜಾಯಿತು, ನಾಲ್ಕು ಹೆಜ್ಜೆಗೆ ದಮ್ಮು ಹತ್ತತೊಡಗಿತು. ಬಸ್ಸಿನ ಪ್ರಯಾಣ ನಿಂತಿತು. ಆಗ ನನಗೆ ತಡೆಯಲಾಗಲಿಲ್ಲ. ಉಕ್ಕು ಕೊಳ್ಳುವ ನೆಪ ಹೇಳಿ ವಿಜಯವಾಡಕ್ಕೆ ಹೋದೆ. ಒನ್ ಟೌನಿನಲ್ಲಿ ನಮ್ಮ ಸೀಮೆಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಮನೆಗೆ ಹೆಳವರು ಬರುತ್ತಾರೆಂದು ತಂಗಿಯ ಗಂಡ ಹೇಳಿದ. ಹೋಗಿ ನೋಡಿದೆ. ಚೀಲಗಳ ನಡುವೆ ಕೂತಿದ್ದ ಹಿರಿಯರು ಸೀನುತ್ತಲೇ ಮಾತಾಡಿದರು.

"ಆ ಮುದುಕ ತೀರಿಕೊಂಡು ಎರಡು ವರ್ಷಾತು. ಈಗ ಮಗ ಬರ್ತಾನ, ಯುಗಾದಿ ಆದಮ್ಯಾಲ. ಅಲ್ಲೋ ತಮ್ಮಾ, ಮುದುಕ ನಿಮ್ಮಲ್ಲಿಗೂ ಬಂದಿದ್ನಲ್ಲ? ನಮ್ಮ ಮನ್ಯಾಗ ಇಳಕೊಂಡು ಇಲ್ಲಿಂದನ ರೈಲು ಹತ್ತಿದ್ದ. ಗಾಜುವಾಕದಾಗ ನಮ್ಮೋರು ಒಬ್ರು ಕಮಾನು ಕಟ್ತಾರ ಅಂತ ನಾನ ವಿಳಾಸ ಕೊಟ್ಟಿದ್ದೆ. ಭೆಟ್ಟಿ ಆಗಲಿಲ್ಲೇನು?"

"ಆಗ ನಾ ಊರಾಗ ಇರಲಿಲ್ರಿ" ಎಂದೆ.

ತಂಗಿಯ ಮನೆ ಅಲ್ಲಿಂದ ನಾಲ್ಕು ಓಣಿ ಆಚೆ. ಮುದುಕ ರೈಲು ಹತ್ತಿದ ದಿನ ಅಪ್ಪ ಆ ಮನೆಯ ಕಟ್ಟೆಯ ಮೇಲೆ ಮೊಮ್ಮಕ್ಕಳ ಜೊತೆ ಕೂತಿದ್ದ. ನಾನು ಅಂದು ಅಂಗಡಿಯ ಬಾಗಿಲಲ್ಲಿ, ಯಜಮಾನ ಬೆಜವಾಡದಲ್ಲಿದ್ದಾನೆ, ಇಂಥವರ ಮನೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಇಂಜಿನಿಯರಿಗೆ ಕೇಳಿಸದ ಹಾಗೆಯೂ ಹೇಳಬಹುದಿತ್ತು.

ನಾನು ಆ ವ್ಯಾಪಾರಿಯ ಹತ್ತಿರ ಹೇಳಿ ಬಂದಿದ್ದಂತೆ, ಯುಗಾದಿ ಮುಗಿದು ಹದಿನೈದು ದಿನಕ್ಕೆ ಹೆಳವನ ಮಗ ನಮ್ಮ ಮನೆಗೆ ಬಂದ. ನಲವತ್ತರ ಆಸುಪಾಸು, ಪ್ಯಾಂಟು ಹಾಕಿದ್ದ, ಕೈಯಲ್ಲಿ ರೆಕ್ಸಿನ್ ಚೀಲ. ಗಂಟೆ ಮಾತ್ರ ಇತ್ತು. ನನ್ನ ಹೆಂಡತಿ ಪಡಸಾಲೆಯಲ್ಲಿ ಚಾಪೆ ಹಾಸಿದಳು. ಅಪ್ಪ ಎರಡು ದಿನದಿಂದ ಕಾಯುತ್ತಿದ್ದ. ಸ್ನಾನ ಮಾಡಿ, ರುಮಾಲು ಸುತ್ತಿಸಿಕೊಂಡು, ಗೋಡೆಗೆ ಒರಗಿ ಕೂತ. ಹೆಳವ ಹಾಳೆ ತಿರುವುತ್ತ ರಾಗವಾಗಿ ಓದತೊಡಗಿದ. ಮೂಲ ಊರು, ಬಿಟ್ಟ ಊರು, ಹೆಸರಿನ ಮೇಲೆ ಹೆಸರು. ಒಂದೊಂದಕ್ಕೂ ಅಪ್ಪ "ಹೂಂ" ಎನ್ನುತ್ತಿದ್ದ. ಅಪ್ಪನ ಮುಖ ಅಷ್ಟು ಬೆಳಗಿದ್ದನ್ನು ನಾನು ಬಹಳ ವರ್ಷದಿಂದ ಕಂಡಿರಲಿಲ್ಲ.

"ಕಾಳಪ್ಪ. ಲಾಳದ ಕೆಲಸ. ರೈಲುದಾರಿ ದೊರಿ ಸಂಗಾಟ ಮೂಡಲಕ ಹ್ವಾದ. ಗುಂತಕಲ್ಲದಾಗ ಕಂಡವರದಾರ. ಬೆಜವಾಡದಾಗ ಕಂಡವರದಾರ."

"ಹೂಂ."

"ಸುದ್ದಿ ಸಿಕ್ಕೈತಿ. ಹೇಳಾಕ ಗಾಜುವಾಕಕ್ಕ ಹೋಗಿದ್ದೆ. ಮನಿಯವರು ಕೇಳಲಿಲ್ಲ."

ಮುದುಕ ಬರೆದಿಟ್ಟ ಆ ಮಾತನ್ನೂ ಅವನು ಅದೇ ರಾಗದಲ್ಲಿ ಓದಿದ. ಬರೆದದ್ದನ್ನೆಲ್ಲ ಓದುವುದು ಅವರ ರೂಢಿ. ಓದಿ ಮುಗಿಸಿ ಹೂಂ ಎನ್ನುವುದಕ್ಕಾಗಿ ಕಾದ. ಅಪ್ಪ ಹೂಂ ಎನ್ನಲಿಲ್ಲ.

"ಏನ ಸುದ್ದಿ?" ಎಂದು ಕೇಳಿದ.

"ಬರದಿಲ್ರಿ ಯಜಮಾನ್ರ. ಕೊಪ್ಪಳದ ಕಡೆ ಯಾರೋ ಬಂಡಿಯವರ ಮನ್ಯಾಗ ಸಿಕ್ಕಿತ್ತಂತ, ಅಷ್ಟ ಅಂದಿದ್ದ ನಮ್ಮಪ್ಪ. ಅದಕ್ಕಂತನ ಇಲ್ಲಿತನಕ ಬಂದಿದ್ದ."

"ನಿನಗ ಹೇಳಿಲ್ಲೇನು?"

"ಇಲ್ರಿ. ಮನಿ ಮಾತು ಮೊದಲ ಆ ಮನ್ಯಾಗ ಹೇಳಬೇಕು. ಯಜಮಾನ ಹೂಂ ಅಂದ ಮ್ಯಾಲ ಪುಸ್ತಕಕ್ಕ ಏರಸಬೇಕು. ಆಮ್ಯಾಲ ಮಗಗ ಕಲಸಬೇಕು. ಹಂಗ ನಡಕೊಂಡು ಬಂದದ್ರಿ. ಮತ್ತೊಮ್ಮೆ ಹೋಗಿ ಹೇಳಬೇಕು ಅಂತಿದ್ದ. ಆಗಲಿಲ್ಲ. ಯಾವ ಬಂಡಿಯವರು ಅಂತ ನಾನೂ ಎರಡು ವರ್ಷ ಕೇಳಕೋತ ತಿರುಗೀನ್ರಿ, ಸಿಕ್ಕಿಲ್ಲ."

ಅಪ್ಪನ ಮಂಜು ಕಣ್ಣು ನನ್ನ ಕಡೆ ತಿರುಗಿತು. ನಾನು ಎಲ್ಲಿ ಕೂತಿದ್ದೇನೆಂದು ಅವನಿಗೆ ಸರಿಯಾಗಿ ಕಾಣುತ್ತಿತ್ತೋ ಇಲ್ಲವೋ. ನಾನು ಏನೋ ಹೇಳಲು ಬಾಯಿ ತೆರೆದೆ.

ಅಷ್ಟರಲ್ಲಿ ಅಪ್ಪ ಹೆಳವನ ಕಡೆ ತಿರುಗಿ, "ಆಗ ನಮ್ಮ ಅಂಗಡ್ಯಾಗ ಕೆಲಸ ಬಾಳ ಇತ್ತಪಾ" ಅಂದ. "ನಾನೂ ಊರಾಗ ಇರಲಿಲ್ಲ. ತಪ್ಪು ತಿಳ್ಕೋಬ್ಯಾಡ."

"ಏ, ಇರ್ಲಿ ಬಿಡ್ರಿ. ಈಗ ಕಾಳಪ್ಪಜ್ಜನ ಮುಂದ ಏನ ಬರೀಲಿ?"

"ಇದ್ದದ್ದು ಇರ್ಲಿ. ಮುಂದ ಓದು."

ಅವನು ಓದಿದ. ಮಾನಪ್ಪ, ವೀರ‌ಭದ್ರಪ್ಪ, ಮೌನೇಶ. ಅಪ್ಪ ಎಲ್ಲದಕ್ಕೂ ಹೂಂ ಎಂದ. ನನ್ನ ಹೆಸರಿಗೂ ಎಂದ. ಹೆಂಡತಿ ಊಟಕ್ಕೆ ಹಾಕಿದಳು. ಧೋತರ, ಹಿತ್ತಾಳೆ ತಂಬಿಗೆ, ಒಂದು ಚೀಲ ಅಕ್ಕಿ ಕೊಟ್ಟು ಬಸ್ಸಿನ ತನಕ ನಾನೇ ಹೊತ್ತು ಹೋಗಿ ಹತ್ತಿಸಿ ಬಂದೆ.

ಅಪ್ಪ ಆಮೇಲೆ ಎರಡು ವರ್ಷ ಇದ್ದ. ಆ ಎರಡೂ ಮಹಾಲಯಕ್ಕೆ ಎಲೆಗಳನ್ನು ಎಣಿಸುವುದನ್ನು ನನ್ನ ಹೆಂಡತಿಗೆ ಬಿಟ್ಟ. ಕಾಳಪ್ಪಜ್ಜನ ಹೆಸರನ್ನಾಗಲಿ ಹೆಳವನ ಹೆಸರನ್ನಾಗಲಿ ಮತ್ತೆ ಎತ್ತಲಿಲ್ಲ. ನನ್ನನ್ನು ಬೈದಿದ್ದರೆ ಬದುಕುತ್ತಿದ್ದೆ. ಕೇಳಿದ್ದು ಒಂದೇ ಮಾತು. ಅದೂ ಅಂದೇ, ನಾನು ಬಸ್ಸು ಹತ್ತಿಸಿ ಬಂದು ಪಡಸಾಲೆಯಲ್ಲಿ ಚಾಪೆ ಸುತ್ತುತ್ತಿದ್ದಾಗ.

"ಆ ಹಿರ್ಯಾ ಬಿಸಲಾಗ ಬಂದಿದ್ದನಲ್ಲ, ಕುಡಿಯಾಕ ನೀರರ ಕೊಟ್ಟಿದ್ದ್ಯೇನು?"

"ಕೊಟ್ಟಿದ್ದೆ ಯಪ್ಪಾ" ಎಂದೆ.

ಕೊಟ್ಟಿರಲಿಲ್ಲ.